ತಾಯಿಬೇರು

ಬೆಂಗಳೂರಿನ ಹಳೆಯ ಪೇಟೆಯ ಪಶ್ಚಿಮ ಭಾಗದಲ್ಲಿ ಕಾಟನ್‌ಪೇಟೆ ಇದೆ. ಈ ಹೆಸರಿನ ಉತ್ತರಾರ್ಧ ನಮ್ಮದು, ಪೂರ್ವಾರ್ಧ ಇಂಗ್ಲಿಷಿನದು. ಆದರೆ 'ಕಾಟನ್' ಎಂಬ ಶಬ್ದವೂ ಮೂಲತಃ ಇಂಗ್ಲಿಷಿನದಲ್ಲ. ಅರಬ್ಬೀ ಭಾಷೆಯ 'ಕುತ್ನ್' ಎಂಬ ಮಾತು ಯುರೋಪಿನ ಹಲವು ನಾಲಗೆಗಳನ್ನು ದಾಟಿ, ಹಡಗನ್ನೇರಿ, ಅನಾದಿಯಿಂದ ಹತ್ತಿ ಬೆಳೆಯುತ್ತಿದ್ದ ನಮ್ಮ ನಾಡಿಗೇ ಬಂದು ನೆಲೆಸಿತು. ಒಂದು ಬೀದಿಯ ಹೆಸರಿಗೇ ಇಷ್ಟು ಸುತ್ತುಬಳಸಿನ ವಂಶಾವಳಿಯಿರುವಾಗ ಮನುಷ್ಯರ ವಂಶಾವಳಿ ನೇರವಾಗಿರುವುದು ಹೇಗೆ?

ಕಾಟನ್‌ಪೇಟೆಯ ಒಂದು ದಿಕ್ಕಿಗೆ ಹಳೆಯ ಕೋಟೆ, ಇನ್ನೊಂದು ದಿಕ್ಕಿಗೆ ನಗರದ ರೈಲು ನಿಲ್ದಾಣ. ಕೋಟೆಯನ್ನು 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. ಮುಂದೆ 1809ರ ಹೊತ್ತಿಗೆ ಊರಿನ ಪೂರ್ವಕ್ಕೆ ದಂಡುಪ್ರದೇಶ ಏರ್ಪಟ್ಟಿತು. 1864ರಲ್ಲಿ ಅಲ್ಲಿಗೆ ರೈಲು ಬಂದಿತು. ಹೀಗೆ ಸೈನಿಕರಾಗಿ, ವರ್ತಕರಾಗಿ, ಕುಶಲ ಕೆಲಸಗಾರರಾಗಿ ಬಂದ ಐರೋಪ್ಯರಲ್ಲಿ ಅನೇಕರು ಈ ದೇಶದ ಹೆಣ್ಣುಮಕ್ಕಳೊಡನೆ ಸಂಸಾರ ಹೂಡಿದರು. ಅಂಥ ಸಂಸಾರಗಳ ಸಂತತಿಯವರೇ ಆಂಗ್ಲೋ-ಇಂಡಿಯನ್ನರು. ರೈಲ್ವೆ, ಅಂಚೆ ಮತ್ತು ತಂತಿ ಇಲಾಖೆಗಳನ್ನು ಕಟ್ಟಿ ನಡೆಸಿದವರಲ್ಲಿ ಅವರ ಪಾಲು ದೊಡ್ಡದು.

ಈ ಮನೆತನಗಳ ಮಕ್ಕಳು, ಬೆಂಗಳೂರಿನಲ್ಲಿರುವವರೂ ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ವಲಸೆ ಹೋದವರೂ, ತಮ್ಮ ಮೂಲಪುರುಷನನ್ನು ಇಂದು ಶ್ರದ್ಧೆಯಿಂದ ಹುಡುಕುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎತ್ತಿನ ಮೇಲೆ ಬಂದು ಮನೆತನದ ಹಿರಿಯರ ಹೆಸರುಗಳನ್ನು ತಲೆತಲಾಂತರದಿಂದ ಹೇಳಿ ಕಾಳುಕಡಿ ಪಡೆಯುವ ಹೆಳವರಿದ್ದಾರೆ. ಆಂಗ್ಲೋ-ಇಂಡಿಯನ್ ಮನೆತನಗಳ ಪಾಲಿಗೆ ಚರ್ಚಿನ ದಾಖಲೆ ಪುಸ್ತಕವೇ ಹೆಳವ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಇವು ಮೂರನ್ನೂ ಪಾದ್ರಿಗಳು ಬರೆದಿಡುತ್ತಿದ್ದರು. ಮದರಾಸು ಪ್ರಾಂತದ ಇಂಥ ದಾಖಲೆಗಳ ನಕಲುಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಈ ಹುಡುಕಾಟವನ್ನು ಹುಸಿ ಪ್ರತಿಷ್ಠೆಯೆಂದು ಹಳಿಯುವವರುಂಟು. ಆ ಮಾತು ನನಗೆ ಒಪ್ಪಿಗೆಯಿಲ್ಲ. ಇವರಿಗೆ ವಂಶವೆಂಬುದು ಅನ್ನದ ಪ್ರಶ್ನೆಯಾಗಿತ್ತು. 1687ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಮದರಾಸಿಗೆ ಬರೆದು, ತಮ್ಮ ಸೈನಿಕರಿಗೆ ಇಲ್ಲಿಯ ಹೆಂಗಸರಲ್ಲಿ ಹುಟ್ಟುವ ಮಗುವಿನ ದೀಕ್ಷಾಸ್ನಾನಕ್ಕೆ ವರಾಹದ ಉಡುಗೊರೆ ಕೊಡಿಸಿದ್ದರು. ನೂರು ವರ್ಷ ಕಳೆಯುವುದರಲ್ಲಿ ಗಾಳಿ ತಿರುಗಿತು. ಬೆಂಗಳೂರು ಕೋಟೆ ಬಿದ್ದ ಆ 1791ರಲ್ಲಿಯೇ, ತಂದೆತಾಯಿಗಳಲ್ಲೊಬ್ಬರು ಭಾರತೀಯರಾಗಿದ್ದವರಿಗೆ ಕಂಪನಿಯ ಮೇಲಿನ ಹುದ್ದೆಗಳು ಮುಚ್ಚಿದವು. 1795ರ ಆಜ್ಞೆಯ ನಂತರ ಸೈನ್ಯದಲ್ಲಿ ಅವರಿಗೆ ಉಳಿದದ್ದು ಕೊಳಲೂದುವ, ನಗಾರಿ ಬಾರಿಸುವ, ಕುದುರೆಗೆ ಲಾಳ ಕಟ್ಟುವ ಕೆಲಸಗಳಷ್ಟೆ. ತಂದೆಯ ಸೈನ್ಯ ಗೆದ್ದ ಊರಿನಲ್ಲಿ ಮಗ ಅನ್ಯನಾದನು! ತಮ್ಮದೆಂಬ ನೆಲಕ್ಕಾಗಿ ಹಂಬಲಿಸಿದ ಈ ಜನಕ್ಕೆ 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು 3,900 ಎಕರೆ ಭೂಮಿಯನ್ನಿತ್ತರು. ಅದಕ್ಕಾಗಿ ದುಡಿದ ಡಿ. ಎಸ್. ವೈಟ್ ಅವರ ಹೆಸರನ್ನು ಹೊತ್ತ ವೈಟ್‌ಫೀಲ್ಡ್ ಈಗ ಬೇರೆಯೇ ಕಾರಣಕ್ಕೆ ಪ್ರಸಿದ್ಧವಾಗಿದೆ. ಸ್ವಾತಂತ್ರ್ಯಾನಂತರವೂ ಈ ಪರೀಕ್ಷೆ ತಪ್ಪಲಿಲ್ಲ. ಬ್ರಿಟನ್ನಿನ 1948ರ ಕಾಯಿದೆಯಂತೆ, ಗಂಡುಸಂತತಿಯ ಮೂಲಕ ಅಲ್ಲಿ ಹುಟ್ಟಿದ ಹಿರಿಯನೊಬ್ಬನನ್ನು ತೋರಿಸಬಲ್ಲವರಿಗೆ ಪೌರತ್ವದ ದಾರಿಯಿತ್ತು. ಆಸ್ಟ್ರೇಲಿಯಾವಂತೂ 1973ರಲ್ಲಿ ತನ್ನ ಬಿಳಿಯರ ನೀತಿಯನ್ನು ಪೂರ್ತಿ ಕೈಬಿಡುವವರೆಗೆ ಬರುವವರ ಬಣ್ಣವನ್ನು ತೂಗುತ್ತಲೇ ಇತ್ತು. ಅಜ್ಜನ ಅಜ್ಜನ ಹೆಸರುಳ್ಳ ಒಂದು ಹಾಳೆ ಮನೆಮಂದಿಯ ಭವಿಷ್ಯವನ್ನೇ ನಿರ್ಣಯಿಸುತ್ತಿದ್ದ ಕಾಲದಲ್ಲಿ ಅದನ್ನು ಹುಡುಕಿದವರನ್ನು ನಗುವುದು ಸಲ್ಲದು.

ನನ್ನ ಆಕ್ಷೇಪ ಬೇರೆ. ಹುಡುಕಾಟವು ಆ ಐರೋಪ್ಯ ಪುರುಷನ ಹೆಸರು ಸಿಕ್ಕೊಡನೆ ನಿಂತುಬಿಡುತ್ತದೆ. ಸ್ವಲ್ಪ ಗಣಿತ ಮಾಡಿ ನೋಡಿ. ಪ್ರತಿಯೊಬ್ಬರಿಗೂ ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ದ್ವಿಗುಣಿಸುತ್ತ ಏಳನೆಯ ತಲೆಮಾರಿಗೆ ಹೋದರೆ 128 ಸ್ಥಾನಗಳಾಗುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಹಿಡಿದು 'ಇದೇ ನನ್ನ ಮೂಲ' ಎನ್ನುವುದು ಯಾವ ಲೆಕ್ಕ? ಆ ಪುರುಷನ ಪಕ್ಕದಲ್ಲಿ ನಿಂತಿದ್ದ ಹೆಂಗಸು ಯಾರು?

ಇದಕ್ಕೆ ದಾಖಲೆ ಪುಸ್ತಕದ ರಚನೆಯೇ ಅರ್ಧ ಕಾರಣ. ದೀಕ್ಷಾಸ್ನಾನದ ಪುಟದಲ್ಲಿ ತಂದೆಯ ಉಪನಾಮಕ್ಕೆ, ವೃತ್ತಿಗೆ ಅಂಕಣಗಳಿದ್ದವು. ತಾಯಿಯ ತವರಿನ ಹೆಸರಿಗೆ ಅಂಕಣವಿರಲಿಲ್ಲ. ಅವಳು ಮತಾಂತರ ಹೊಂದಿದ್ದರೆ ಮೇರಿಯೋ ಎಲಿಜಬೆತ್ತೋ ಆಗಿರುತ್ತಿದ್ದಳು; ತೊಟ್ಟಿಲಲ್ಲಿ ಇಟ್ಟ ಹೆಸರು ಅಲ್ಲಿಗೆ ಅಳಿಸಿತು. ಕೆಲವೊಮ್ಮೆ 'ದೇಶೀಯ ಹೆಂಗಸು' ಎಂಬಷ್ಟೇ ಬರಹ. ಹೈದರಾಬಾದಿನ ರೆಸಿಡೆಂಟನಾಗಿದ್ದ ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್ಕನ ಪತ್ನಿ ಖೈರುನ್ನಿಸಾಳ ಹೆಸರು ಉಳಿದಿದೆ, ಏಕೆಂದರೆ ಆಕೆ ಶ್ರೀಮಂತ ಮನೆತನದವಳು. 1805ರಲ್ಲಿ ಇಂಗ್ಲೆಂಡಿಗೆ ಒಯ್ಯಲ್ಪಟ್ಟ ಅವಳ ಮಗಳು ಕಿಟ್ಟಿ, ದಶಕಗಳು ಕಳೆದ ಮೇಲೆ 1841ರಲ್ಲಿ ಹೈದರಾಬಾದಿನ ಅಜ್ಜಿಯೊಡನೆ ಪತ್ರವ್ಯವಹಾರ ಆರಂಭಿಸಿದಳು. ಸಾಮಾನ್ಯ ಸೈನಿಕನ ಹೆಂಡತಿಗೆ ಆ ಭಾಗ್ಯವೆಲ್ಲಿಯದು?

ನಮ್ಮ ಸಂವಿಧಾನದ 366ನೆಯ ವಿಧಿಯೂ ಆಂಗ್ಲೋ-ಇಂಡಿಯನ್ ಎಂಬ ಪದಕ್ಕೆ ಗಂಡುಸಂತತಿಯ ಐರೋಪ್ಯ ಪೂರ್ವಜನನ್ನೇ ಲಕ್ಷಣವಾಗಿ ಹೇಳಿದೆ. ಶಾಸನಸಭೆಗಳಲ್ಲಿ ಅವರಿಗಿದ್ದ ನಾಮಕರಣ 2020ರ ಜನವರಿಯಲ್ಲಿ ಕೊನೆಗೊಂಡಿತು. ವ್ಯಾಖ್ಯೆ ಹಾಗೆಯೇ ಇದೆ. ಇದು ಅವರದೊಂದೇ ಪಾಡಲ್ಲ ಎಂಬುದನ್ನೂ ಹೇಳಬೇಕು. ಗೋತ್ರಪ್ರವರಗಳನ್ನು ಒಪ್ಪಿಸುವಾಗ ನಾವು ಋಷಿಗಳವರೆಗೆ ಏರುತ್ತೇವೆ, ಮುತ್ತಜ್ಜಿಯ ಹೆಸರು ಕೇಳಿದರೆ ತಡವರಿಸುತ್ತೇವೆ. ತಾಯಿಯ ಕಡೆಯಿಂದ ಬಳಿಯನ್ನು ಎಣಿಸುವ ತುಳುನಾಡಿನ ಅಳಿಯಸಂತಾನದವರು ಈ ಮಾತಿಗೆ ಅಪವಾದ.

ಹುಡುಕುವ ಮನಸ್ಸಿದ್ದರೆ ದಾರಿಗಳಿವೆ. ಕಂಪನಿಯ ನೌಕರರು ಬರೆದ ಉಯಿಲುಗಳಲ್ಲಿ ತಮ್ಮೊಡನಿದ್ದ ಹೆಂಗಸಿಗೆ ಹಣ, ಮನೆ ಬಿಟ್ಟುಹೋದ ಸಂಗತಿಗಳು ಬರುತ್ತವೆ. ಹೆಸರೂ ಒಮ್ಮೊಮ್ಮೆ ಸಿಗುತ್ತದೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವುದರಿಂದ ತಾಯಿಯ ತಾಯಿಯ ಎಳೆಯನ್ನು ವಿಜ್ಞಾನವೂ ಹಿಡಿಯಬಲ್ಲದು, ಆದರೆ ಅದು ಹೆಸರನ್ನು ಕೊಡಲಾರದು. ಎಲ್ಲಿಯೂ ಹೆಸರು ಸಿಗದಿದ್ದರೆ ವಂಶವೃಕ್ಷದ ಚಿತ್ರದಲ್ಲಿ ಆ ಸೈನಿಕನ ಪಕ್ಕಕ್ಕೆ ಅಷ್ಟೇ ದೊಡ್ಡದಾದ ಒಂದು ಚೌಕವನ್ನು ಬರೆದು ಖಾಲಿ ಬಿಡಬಹುದು. ಮುಂದೆ ಯಾರಾದರೂ ತುಂಬಿಯಾರು.