ಕಂಬದ ಮೇಲಿನ ಕಿರಣ್ ಬೇಡ, ಹಾರೋ ಕಿರಣ್ ಬೇಕು

ಬೀದರ್ ವಾಯುನೆಲೆಯ ಹಾಕ್ ವಿಮಾನ ತಲೆ ಮೇಲೆ ಹಾದು ಹೋದ್ರೆ ಡಾಬಕಾದ ಹೊಲದಾಗ ಕಳೆ ತೆಗೆಯೋರೂ ಒಂದು ಸಲ ಕತ್ತೆತ್ತಿ ನೋಡ್ತಾರೆ. ಔರಾದ್, ಭಾಲ್ಕಿ, ಬೀದರ್ ಹುಡುಗರಾದ ನಮಗೆ ವಿಮಾನದ ಹುಚ್ಚು ಹಿಡಿಸಿದ್ದೇ ಆ ಸಪ್ಪಳ. ಅದೇ ಹುಚ್ಚಿಗೆ ರಾತ್ರಿ ಬಸ್ ಹತ್ತಿ ಯಲಹಂಕದ ಏರೋ ಇಂಡಿಯಾಕ್ಕೂ ಹೋಗ್ತೀವಿ. 2025ರಲ್ಲಿ ರಷ್ಯಾದ ಸು-57, ಅಮೆರಿಕದ ಎಫ್-35 ಎರಡೂ ಅಲ್ಲಿಗೆ ಬಂದಾಗ ಎಲ್ಲರ ಫೋನೂ ಆ ಕಡೆಗೇ ತಿರುಗಿದ್ದವು. ಅದರಲ್ಲಿ ತಪ್ಪೇನಿಲ್ಲ. ಆದರೆ ಎಂಜಿನಿಯರ್ ಆಗೋರು ಹೊಸದರ ಜೊತೆ ಹಳೆಯದೂ ಹಾರೋದನ್ನ ನೋಡಬೇಕು ಅನ್ನೋದು ನಮ್ಮ ವಾದ.

ನಮ್ಮ ವಾಯುಪಡೆಯಲ್ಲಿ ಹಳೆಯ ವಿಮಾನಗಳ ವಿಂಟೇಜ್ ತಂಡವೇ ಇದೆ. ಅದರಲ್ಲಿನ ಡಕೋಟಾದ ಹೆಸರು 'ಪರಶುರಾಮ', ಸಂಖ್ಯೆ ವಿಪಿ 905. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾಗಳ ನೆನಪಿಗೆ ಕೊಟ್ಟ ಸಂಖ್ಯೆ ಅದು. ಈ ವಿಮಾನ ರಿಪೇರಿ ಆಗಿದ್ದು ಮಾತ್ರ ಬ್ರಿಟನ್‌ನಲ್ಲಿ. ಭಾರತಕ್ಕೆ ಬಂದಿದ್ದು 2018ರಲ್ಲಿ.

ಈ ಕೆಲಸ ನಮ್ಮವರಿಗೆ ಬರಲ್ವಾ? ಬರ್ತಿತ್ತು. ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರದಂತೆ ಕೆಡಿಸಿ ಬಿಟ್ಟು ಹೋಗಿದ್ದರು. ಬೆಂಗಳೂರಿನ ಎಚ್‌ಎಎಲ್‌ನವರು ಆ ಗುಜರಿಯಿಂದ ಒಂದೊಂದನ್ನೇ ಹಾರೋ ಮಟ್ಟಕ್ಕೆ ತಂದು, ಬೆಂಗಳೂರಿಗೆ ಒಯ್ದು ಪೂರ್ತಿ ಸರಿಮಾಡಿದರು. ವಾಯುಪಡೆ ಅವನ್ನು 1968ರವರೆಗೆ ಬಳಸಿತು. ನಮ್ಮಲ್ಲಿದ್ದ ಒಂದು ಲಿಬರೇಟರ್ ಮುಂದೆ ಕಾಲಿಂಗ್ಸ್ ಫೌಂಡೇಶನ್ ಕೈ ಸೇರಿ, 1989ರಿಂದ ಅಮೆರಿಕದ ಏರ್‌ಶೋಗಳಲ್ಲಿ ಹಾರಿತು. ನಾವು ಉಳಿಸಿದ ವಿಮಾನಕ್ಕೆ ಅಲ್ಲಿಯವರು ಚಪ್ಪಾಳೆ ಹೊಡೆದರು.

ಈಗ ನಮ್ಮೂರಿನ ಸಂಗತಿಗೆ ಬರೋಣ. ಸೂರ್ಯಕಿರಣ್ ತಂಡ ಹುಟ್ಟಿದ್ದು 1996ರಲ್ಲಿ, ನಮ್ಮ ಬೀದರ್‌ನಲ್ಲೇ. ಹೆಸರಿನಲ್ಲಿರುವ 'ಕಿರಣ್' ಎಚ್‌ಎಎಲ್ ತಯಾರಿಸಿದ ತರಬೇತಿ ವಿಮಾನದ್ದು. ಅದು ಮೊದಲು ಹಾರಿದ್ದು 1964ರಲ್ಲಿ. ತಂಡ 2011ರವರೆಗೂ ಕಿರಣ್‌ನಲ್ಲೇ ಹಾರಿ ನಿಂತಿತು, 2015ರಲ್ಲಿ ಹಾಕ್ ಹತ್ತಿ ಮತ್ತೆ ಶುರುವಾಯ್ತು. ವಿಮಾನ ಬದಲಾಯ್ತು, ಹೆಸರು ಉಳೀತು. ಕಿರಣ್‌ಗಳ ಕಾಲ ಮುಗೀತಾ ಬಂದಿದೆ. ಮುಂದೇನು? ಒಂದೆರಡು ಕಂಬದ ಮೇಲೆ ಏರ್ತಾವೆ, ಉಳಿದವು ಗುಜರಿಗೆ. ಮಾರುತ್‌ದೂ ಹೀಗೇ ಆಯ್ತು: 1961ರಲ್ಲಿ ಬೆಂಗಳೂರಿನಿಂದ ಹಾರಿದ ಆ ಜೆಟ್ ಫೈಟರ್ ಇವತ್ತು ಮ್ಯೂಸಿಯಂನಲ್ಲಿ ಕೂತಿದೆ.

ಹಳೆ ವಿಮಾನ ಹಾರಿಸೋದು ಅಪಾಯ ಅಂತೀರಾ? ಹೌದು, ಅಪಾಯವೇ. ಅದೇ ಕಾಲಿಂಗ್ಸ್ ಸಂಸ್ಥೆಯ ಬಿ-17 2019ರಲ್ಲಿ ಬಿದ್ದು ಏಳು ಜನ ಸತ್ತರು. 2022ರಲ್ಲಿ ಡಲ್ಲಾಸ್ ಏರ್‌ಶೋನಲ್ಲಿ ಎರಡು ಹಳೆ ವಿಮಾನ ಡಿಕ್ಕಿಯಾಗಿ ಆರು ಜನ ಹೋದರು. ಆದ್ದರಿಂದ ನಾವು ಕೇಳೋದು ಸಾಹಸದ ಆಟವಲ್ಲ. ಪ್ರಯಾಣಿಕರಿಲ್ಲದೆ, ಪಲ್ಟಿ ಹೊಡೆಯದೆ, ವರ್ಷಕ್ಕೆ ಕೆಲವೇ ಸಲ, ಕಟ್ಟುನಿಟ್ಟಿನ ತಪಾಸಣೆ ಮಾಡಿ ಒಂದೇ ಒಂದು ಕಿರಣ್ ಹಾರಲಿ.

ಖರ್ಚು ಇದ್ದೇ ಇದೆ. ಆದರೆ ವಿಮಾನ ಹಾರ್ತಾ ಇದ್ರೆ ಅದರ ಎಂಜಿನ್ ಬಿಚ್ಚಿ ಜೋಡಿಸೋ ಕೈಗಳೂ ಉಳೀತಾವೆ. ಕಿರಣ್ ಮಾರ್ಕ್-2ರ ಆರ್ಫಿಯಸ್ ಎಂಜಿನ್ನಿನ ಸ್ವಭಾವ ಬಲ್ಲ ಮೆಕ್ಯಾನಿಕ್‌ಗಳು ನಿವೃತ್ತರಾದ ಮೇಲೆ ಮ್ಯಾನುಯಲ್ ಒಂದೇ ಸಾಲದು. ಬಿಡಿಭಾಗ ಸಿಗದಾಗ ಅಳೆದು, ರಿವರ್ಸ್ ಎಂಜಿನಿಯರಿಂಗ್ ಮಾಡಿ, ಲೋಹ ಪರೀಕ್ಷಿಸಿ ಹೊಸದು ಮಾಡ್ಬೇಕು. ಅದು ನಮ್ಮ ಸಿಲಬಸ್ಸೇ ಅಲ್ವಾ?

ಬೀದರ್ ವಾಯುನೆಲೆ, ಎಚ್‌ಎಎಲ್ ಮತ್ತು ನಮ್ಮ ಭಾಗದ ಕಾಲೇಜುಗಳು ಸೇರಿ ಇಂಥದ್ದೊಂದು ಯೋಜನೆ ಮಾಡಲಿ. ಅನುಭವಿಗಳ ಉಸ್ತುವಾರಿಯಲ್ಲಿ ನಾವು ಬಿಡಿಭಾಗ ಅಳೀತೀವಿ, ದಾಖಲೆ ಬರೀತೀವಿ, ಸ್ಪ್ಯಾನರ್ ಕೊಟ್ರೆ ಅದನ್ನೂ ಹಿಡೀತೀವಿ. ಕಿರಣ್‌ಗಳು ಗುಜರಿಗೆ ಹೋದಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ, ಈಗಲೇ ಕೇಳೋಣ ಬರ್ರಿ.