ಮಂಗ ಸತ್ರೆ ಅಲರ್ಟ್, ಇಲಿ ಓಡಿದ್ರೆ ಯಾಕಿಲ್ಲ?

ಬೇಸಿಗೆಯಲ್ಲಿ ಕಾಡಿನಂಚಲ್ಲಿ ಮಂಗ ಸತ್ತು ಬಿದ್ರೆ ಸಾಕು, ಮಲೆನಾಡೆಲ್ಲ ಅಲರ್ಟ್. ಅದು ಸರಿಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಗಲೂ ಜೀವ ತೆಗೀತಿದೆ. ಆದರೆ ಮಳೆಗಾಲ ಬಂದಾಗ ಗದ್ದೆ ಬದುವಿನ, ದಿನಸಿ ಗೋಡೌನಿನ ಇಲಿ, ಹೆಗ್ಗಣದ ಬಗ್ಗೆ ಆ ಎಚ್ಚರ ಕಾಣಲ್ಲ.

ಇಲಿ ಜ್ವರ ತರೋದು ಲೆಪ್ಟೊಸ್ಪೈರಾ ಅನ್ನೋ ಬ್ಯಾಕ್ಟೀರಿಯಾ. ಇಲಿಯ ಕಿಡ್ನಿಯಲ್ಲಿ ತಿಂಗಳುಗಟ್ಟಲೆ ಇರುತ್ತೆ, ಇಲಿಗೆ ಮಾತ್ರ ಏನೂ ಆಗಲ್ಲ! ಮೂತ್ರದ ಜೊತೆ ಹೊರಬಂದು ನಿಂತ ನೀರು, ಕೆಸರು ಸೇರುತ್ತೆ. ಇಲಿ ಕಚ್ಚಲೇಬೇಕು ಅಂತಿಲ್ಲ. ನಾಟಿಗೆ ಇಳಿದವರ ಒಡೆದ ಹಿಮ್ಮಡಿ, ಚರಂಡಿ ತೆಗೆಯೋರ ಕೈ ಮೇಲಿನ ಗೀರು ಸಾಕು.

ಜ್ವರ, ತಲೆನೋವು ಬಂದಾಗ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮತ್ತೆ ಕೆಲಸಕ್ಕೆ ಹೋಗೋದು ವಾಡಿಕೆ. ಜೊತೆಗೆ ಮೀನಖಂಡ ವಿಪರೀತ ನೋವು, ಕಣ್ಣು ಕೆಂಪು ಇದ್ದರೆ ಅನುಮಾನ ಪಡಲೇಬೇಕು. ಕಣ್ಣು ಹಳದಿಯಾಗಿ, ಮೂತ್ರ ಕಮ್ಮಿಯಾಗೋ ಹೊತ್ತಿಗೆ ಲಿವರ್, ಕಿಡ್ನಿಗೆ ಪೆಟ್ಟು ಬಿದ್ದಿರುತ್ತೆ.

ಮಂಗನ ಕಾಯಿಲೆ ವೈರಸ್‌ನದ್ದು, ಅದಕ್ಕೆ ನೇರ ಮದ್ದಿಲ್ಲ. ಇದಕ್ಕಿದೆ. ಶುರುವಲ್ಲೇ ಡಾಕ್ಟರ್ ಹತ್ರ ಹೋದ್ರೆ ಡಾಕ್ಸಿಸೈಕ್ಲಿನ್‌ನಂಥ ಮಾಮೂಲಿ ಆಂಟಿಬಯಾಟಿಕ್‌ಗೇ ಬಗ್ಗುತ್ತೆ. ಹೋದಾಗ ಬರೀ ಜ್ವರ ಅನ್ನದೆ, ಗದ್ದೆಗಿಳಿದಿದ್ದೋ ಗೋಡೌನ್ ತೊಳೆದಿದ್ದೋ ಅದನ್ನೂ ಹೇಳಬೇಕು.