ಕ್ಯಾನ್ಸರ್ ಗುಣವಾದವರ ಕರುಳಿನ ಬೇನೆ

ಗರ್ಭಕಂಠದ ಕ್ಯಾನ್ಸರಿಗೆ ಹುಬ್ಬಳ್ಳಿಯ ನವನಗರದಲ್ಲಿರುವ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯಲ್ಲಿಯೋ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೋ ವಿಕಿರಣ ಚಿಕಿತ್ಸೆಯನ್ನು ಪಡೆದು, ನಮ್ಮ ಕಡೆಯ ಜನ ಹೇಳುವಂತೆ ‘ಕರೆಂಟ್ ಕೊಡಿಸಿಕೊಂಡು’, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸುತ್ತಣ ಊರುಗಳಿಗೆ ಮರಳಿದ ತಾಯಂದಿರನ್ನು ಗುಣವಾದವರೆಂದು ಎಣಿಸಿ ನಾವು ನಿಶ್ಚಿಂತರಾಗುತ್ತೇವೆ. ಅವರು ಗುಣವಾದದ್ದು ದಿಟ. ಆ ಚಿಕಿತ್ಸೆಯಿಲ್ಲದಿದ್ದರೆ ಅವರಲ್ಲಿ ಬಹುಮಂದಿ ಇಂದು ನಮ್ಮೊಡನೆ ಇರುತ್ತಿರಲಿಲ್ಲ. ಆದರೆ ಅವರಲ್ಲಿ ಕೆಲವರಿಗೆ ಆರು ತಿಂಗಳ ಮೇಲೆ, ವರ್ಷದ ಮೇಲೆ, ಒಮ್ಮೊಮ್ಮೆ ಹತ್ತು ವರ್ಷಗಳ ಮೇಲೂ ಕರುಳಿನ ಬಾಧೆಯೊಂದು ತಲೆದೋರುತ್ತದೆ. ಅದನ್ನು ಮುಂಚಿತವಾಗಿ ಮನಮುಟ್ಟುವಂತೆ ತಿಳಿಸುವವರು ವಿರಳ. ಬಂದಾಗ ಗುರುತಿಸುವವರು ಇನ್ನೂ ವಿರಳ. ಈ ಲೋಪವನ್ನು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿಯೇ, ಹೆಚ್ಚಿನ ವೆಚ್ಚವಿಲ್ಲದೆ, ಪರಿಹರಿಸಬಹುದೆಂಬುದು ನನ್ನ ದೃಢವಾದ ನಂಬಿಕೆ.

ಕಾರಣ ಗೂಢವಾದುದಲ್ಲ. ಗರ್ಭಕಂಠದ ಹಿಂದೆಯೇ ಗುದನಾಳವಿದೆ. ಸಣ್ಣ ಕರುಳಿನ ಸುರುಳಿಗಳೂ ಕಿಬ್ಬೊಟ್ಟೆಗೆ ಇಳಿದಿರುತ್ತವೆ. ಸಾಮಾನ್ಯವಾಗಿ ಐದು ವಾರಗಳಲ್ಲಿ 25 ಕಂತುಗಳಾಗಿ ಹೊರಗಿನಿಂದ ಕೊಡುವ 45ರಿಂದ 50 ಗ್ರೇ ಪ್ರಮಾಣದ ವಿಕಿರಣವೂ, ಅನಂತರ ಗರ್ಭಕೋಶದೊಳಗೆ ನಳಿಕೆಯನ್ನಿರಿಸಿ ಹತ್ತಿರದಿಂದ ಕೊಡುವ ವಿಕಿರಣವೂ ನೆರೆಯ ಕರುಳನ್ನು ಸಂಪೂರ್ಣವಾಗಿ ತಪ್ಪಿಸಿ ಹೋಗಲಾರವು. ಚಿಕಿತ್ಸೆಯ ದಿನಗಳ ಭೇದಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅಡಗುತ್ತದೆ. ಆದರೆ ಕೆಲವರಲ್ಲಿ ಕರುಳಿನ ಸೂಕ್ಷ್ಮ ರಕ್ತನಾಳಗಳು ಮೆಲ್ಲಮೆಲ್ಲನೆ ಸಂಕುಚಿತವಾಗಿ, ಮೃದುವಾಗಿದ್ದ ಭಿತ್ತಿಯು ನಾರುಗಟ್ಟಿ ಬಿಗಿದು, ಮೇಲ್ಪದರದಲ್ಲಿ ಹೊಸದಾಗಿ ಮೂಡಿದ ದುರ್ಬಲ ನಾಳಗಳು ಅಲ್ಪ ಘರ್ಷಣೆಗೂ ಒಡೆದು ರಕ್ತ ಬೀಳತೊಡಗುತ್ತದೆ. ಎಕ್ಸ್-ಕಿರಣಗಳು ಪತ್ತೆಯಾದದ್ದು 1895ರಲ್ಲಿ. ಅವು ಕರುಳಿಗೆ ಮಾಡುವ ಹಾನಿಯನ್ನು ಡೇವಿಡ್ ವಾಲ್ಷ್ ಎಂಬ ವೈದ್ಯರು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದದ್ದು 1897ರಲ್ಲಿ. ಇಷ್ಟು ಹಳೆಯ ಅರಿವು ನಮ್ಮ ತಾಲೂಕುಗಳನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲವೆಂಬುದೇ ದುಃಖದ ಸಂಗತಿ.

ಇಳಕಲ್ಲಿನ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುತ್ತ ಕುಳಿತ ಹೆಂಗಸಿಗೆ ಈ ಬಾಧೆ ಹತ್ತಿಕೊಂಡರೆ ಗಳಿಗೆಗೊಮ್ಮೆ ಏಳಬೇಕಾಗುತ್ತದೆ. ಎದ್ದು ಹೋಗುವಷ್ಟರಲ್ಲಿ ಸೀರೆ ಕೆಡುತ್ತದೆ. ಹುಬ್ಬಳ್ಳಿಗೆ ತೋರಿಸಿಕೊಳ್ಳಲು ಹೋಗಬೇಕಾದ ದಿನ, ಹಿಂದಿನ ಸಂಜೆಯಿಂದಲೇ ರೊಟ್ಟಿ ಮುಟ್ಟದೆ, ನೀರನ್ನೂ ಅಳೆದು ಕುಡಿದು ಬಸ್ಸನ್ನೇರುವುದೊಂದೇ ಆಕೆಗೆ ಕಾಣುವ ಉಪಾಯ. 2023ರ ಜೂನ್ ತಿಂಗಳಿನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಸ್ತ್ರೀಯರಿಗೆ ಟಿಕೆಟ್ಟಿನ ಹಣವಿಲ್ಲ. ಆದರೆ ಹಲವು ತಾಸುಗಳ ಆ ದಾರಿಯಲ್ಲಿ ತಡೆಯಲಾರದ ಅವಸರವುಳ್ಳವಳಿಗೆ ಉಚಿತ ಪ್ರಯಾಣವೂ ಭಯದ ಪ್ರಯಾಣವೇ. ಬನಶಂಕರಿಯ ಜಾತ್ರೆ ತಪ್ಪುತ್ತದೆ, ತವರಿನ ಮದುವೆ ತಪ್ಪುತ್ತದೆ. ಕೇಳಿದವರಿಗೆ ‘ಮೈಯಾಗ ಆರಾಮಿಲ್ಲ’ ಎಂದಷ್ಟೇ ಉತ್ತರ. ಮಗನೆದುರು, ಅಳಿಯನೆದುರು ಇಂಥ ಮಾತನ್ನು ಆಡುವುದಾದರೂ ಹೇಗೆ?

ರಕ್ತ ಕಂಡಾಗ ಒಬ್ಬರು ಮೂಲವ್ಯಾಧಿಯೆನ್ನುತ್ತಾರೆ, ಇನ್ನೊಬ್ಬರು ಉಷ್ಣವೆನ್ನುತ್ತಾರೆ. ಆಕೆ ಮಾತ್ರ ಕ್ಯಾನ್ಸರ್ ಮರಳಿತೆಂದು ಒಳಗೊಳಗೇ ನಿಶ್ಚಯಿಸಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಮೂಲವ್ಯಾಧಿಯ ಸೂಜಿಮದ್ದಿಗೋ ಶಸ್ತ್ರಕ್ರಿಯೆಗೋ ಒಳಗಾದರೆ ಅಪಾಯ ಹೆಚ್ಚುತ್ತದೆ, ಏಕೆಂದರೆ ವಿಕಿರಣ ತಾಕಿದ ಅಂಗಾಂಶದ ಗಾಯ ಸುಲಭವಾಗಿ ಮಾಯುವುದಿಲ್ಲ. ಪರೀಕ್ಷೆಗೆಂದು ಗುದನಾಳದ ಮುಂಭಿತ್ತಿಯಿಂದ ಚೂರು ಕತ್ತರಿಸಿ ತೆಗೆದರೂ ಅಲ್ಲಿಂದ ಯೋನಿಮಾರ್ಗಕ್ಕೆ ರಂಧ್ರ ಬೀಳಬಹುದು. ಹಾಗೆಂದು ಎಲ್ಲ ರಕ್ತಸ್ರಾವಕ್ಕೂ ವಿಕಿರಣವೇ ಕಾರಣವೆಂದು ಸುಮ್ಮನಿರುವುದೂ ಸಲ್ಲದು. ಬಲ್ಲವರು ದರ್ಶಕ ನಳಿಕೆಯಿಂದ (ಎಂಡೋಸ್ಕೋಪ್) ನೋಡಿಯೇ ನಿರ್ಧರಿಸತಕ್ಕದ್ದು.

ಬೇನೆಗೆ ಉಪಾಯವುಂಟು. ರಕ್ತಸ್ರಾವಕ್ಕೆ ಸುಕ್ರಾಲ್ಫೇಟ್ ಔಷಧದ ಎನಿಮಾ ಇದೆ. ಅದಕ್ಕೆ ಬಗ್ಗದಿದ್ದರೆ ಒಡೆಯುವ ನಾಳಗಳನ್ನು ಆರ್ಗಾನ್ ಅನಿಲದ ಮೂಲಕ ಸುಟ್ಟು ನಿಲ್ಲಿಸುವ ಕ್ರಮವಿದೆ. ಪಿತ್ತದ ಆಮ್ಲಗಳನ್ನು ಕರುಳು ಮರಳಿ ಹೀರದೆ ಉಂಟಾದ ಭೇದಿಗೆ ಆ ಆಮ್ಲಗಳನ್ನು ಹಿಡಿದಿಡುವ ಮದ್ದಿದೆ. 2013ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಆರ್ಬಿಟ್ ಎಂಬ ಅಧ್ಯಯನವು, ಕ್ರಮಬದ್ಧವಾದ ತಪಾಸಣಾಪಟ್ಟಿಯನ್ನನುಸರಿಸಿದರೆ ಇಂಥ ರೋಗಿಗಳ ಬಾಧೆ ಕಡಿಮೆಯಾಗುವುದೆಂದೂ, ಆ ಕಾರ್ಯವನ್ನು ತರಬೇತಿ ಪಡೆದ ದಾದಿಯು ಬಹುಮಟ್ಟಿಗೆ ತಜ್ಞವೈದ್ಯರಷ್ಟೇ ಸಮರ್ಥವಾಗಿ ನಿರ್ವಹಿಸಬಲ್ಲಳೆಂದೂ ತೋರಿಸಿತು. ಹಾನಿಯನ್ನು ಮೊದಲೇ ತಗ್ಗಿಸಲೂ ಸಾಧ್ಯ: ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಶಸ್ತ್ರಕ್ರಿಯೆಯ ನಂತರ ವಿಕಿರಣ ಬೇಕಾದ 300 ಸ್ತ್ರೀಯರಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೂರು ವರ್ಷಗಳೊಳಗೆ ಗಣನೀಯವಾದ ಕರುಳಿನ ತೊಂದರೆಯು ರೂಢಿಯ ವಿಧಾನದಲ್ಲಿ ನೂರಕ್ಕೆ 42ರಷ್ಟು, ಚಿತ್ರಗಳ ನೆರವಿನಿಂದ ತೀವ್ರತೆಯನ್ನು ಹೊಂದಿಸುವ ನವೀನ ವಿಧಾನದಲ್ಲಿ 21ರಷ್ಟು ಕಂಡುಬಂದಿತು. ಆ ನವೀನ ವಿಧಾನದ ಯಂತ್ರಗಳು ಉತ್ತರ ಕರ್ನಾಟಕದ ಬಡವರಿಗೂ ಎಟಕಬೇಕೆಂದು ಕೇಳುವುದು ದುರಾಶೆಯಲ್ಲ.

ಮೊದಲೇ ಹೇಳಿದರೆ ಹೆದರಿ ಚಿಕಿತ್ಸೆಯನ್ನೇ ಬಿಟ್ಟಾರೆಂದು ಕೆಲವು ವೈದ್ಯರು ಶಂಕಿಸುತ್ತಾರೆ. ಶಂಕೆ ಸದ್ಭಾವದ್ದೇ, ಆದರೂ ನಾನದನ್ನು ಒಪ್ಪಲಾರೆ. ಐದು ವಾರ ಮನೆ, ಮಗ್ಗ, ಮಕ್ಕಳನ್ನು ಬಿಟ್ಟು ಆಸ್ಪತ್ರೆಯ ನೆರಳಿನಲ್ಲಿ ಕಳೆಯುವ ಧೈರ್ಯವುಳ್ಳವಳಿಗೆ ಈ ಸತ್ಯವನ್ನು ತಾಳುವ ಧೈರ್ಯವೂ ಇದೆ. ಬಿಡುಗಡೆಯ ಚೀಟಿಯೊಡನೆ, ಯಾವ ಭಾಗಕ್ಕೆ ಎಷ್ಟು ವಿಕಿರಣ ಕೊಡಲಾಯಿತೆಂಬುದನ್ನೂ ಮುಂದೆ ಯಾವ ಲಕ್ಷಣಕ್ಕೆ ಎಲ್ಲಿ ಬರಬೇಕೆಂಬುದನ್ನೂ ಕನ್ನಡದಲ್ಲಿ ಬರೆದ ಒಂದು ಹಾಳೆ ಆಕೆಯ ಕೈಸೇರಬೇಕು. ಬಾದಾಮಿ, ಹುನಗುಂದ, ಇಳಕಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ತರಬೇತಿ ಪಡೆದ ದಾದಿಯೊಬ್ಬಳು ಇಂಥವರನ್ನು ಮರೆಗೆ ಕರೆದು ಕುಳ್ಳಿರಿಸಿಕೊಂಡು, ‘ಯವ್ವಾ, ರಾತ್ರಿ ಎದ್ದು ಕಡೀಗೆ ಹೋಗಬೇಕಾಗ್ತೈತೇನು? ತಡಕೊಳ್ಳಾಕ ಆಗ್ತೈತೇನು? ರಕ್ತ ಬೀಳ್ತೈತೇನು?’ ಎಂದು ಕೇಳಲಿ. ತೊಂದರೆಯೊಂದಿದ್ದರೂ ಅದೇ ಹಾಳೆಯ ಮೇಲೆ ಬರೆದು ಬಾಗಲಕೋಟೆಯ ಜಿಲ್ಲಾಸ್ಪತ್ರೆಗೆ ಕಳುಹಿಸಲಿ.